ಲಾರೆನ್ಸನ ಅಡುಗೆಮನೆ, ನಮ್ಮ ಅಡುಗೆಮನೆ

ಲೆಂಟಿನ ದಿನಗಳಲ್ಲಿ ನಮ್ಮ ಸಭೆಯ ಹೆಂಗಸರ ಕೂಟದಲ್ಲಿ ವಾರಕ್ಕೊಮ್ಮೆ ಪ್ರಸಂಗವಿರುತ್ತದೆ. ಕೆಲವು ವರ್ಷಗಳ ಹಿಂದೆ ಹೊರಗಿನಿಂದ ಬಂದ ಬೋಧಕರೊಬ್ಬರು 'ನಿತ್ಯಜೀವನದಲ್ಲಿ ದೇವರ ಸಾನ್ನಿಧ್ಯ' ಎಂಬ ವಿಷಯ ಎತ್ತಿಕೊಂಡಿದ್ದರು. ಒಳ್ಳೆಯ ಮಾತುಗಾರರು. ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಪ್ಯಾರಿಸಿನ ಮಠವೊಂದರಲ್ಲಿ ಅಡುಗೆ ಮಾಡಿಕೊಂಡಿದ್ದ ಸಹೋದರ ಲಾರೆನ್ಸನ ಕಥೆ ಹೇಳಿದರು. ಅವನು ಪಾತ್ರೆಗಳ ನಡುವೆಯೇ ದೇವರ ಜೊತೆ ಬಾಳಿದ ಬಗೆಯನ್ನು ಮನ ಕರಗುವಂತೆ ವರ್ಣಿಸಿದರು. ಕೊನೆಗೆ ನಮ್ಮ ಕಡೆ ತಿರುಗಿ, ಅಕ್ಕತಂಗಿಯರಾದ ನಿಮಗೆ ಅಡುಗೆಮನೆಯೇ ದೇವಾಲಯ, ಒಲೆಯೇ ಯಜ್ಞವೇದಿ, ದೇವರನ್ನು ಹುಡುಕಿಕೊಂಡು ನೀವು ಬೇರೆಲ್ಲಿಗೂ ಹೋಗಬೇಕಾಗಿಲ್ಲ ಎಂದರು. ಸಭೆಯ ಕಮಿಟಿಯಲ್ಲಿ ಹೆಂಗಸರಿಗೂ ಜಾಗ ಕೊಡಿ ಎಂದು ನಾವು ಬರೆದುಕೊಟ್ಟಿದ್ದ ಅರ್ಜಿ ಆಗ ಇನ್ನೂ ಮೇಜಿನ ಖಾನೆಯಲ್ಲೇ ಇತ್ತು. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಹೇಳಲಾರೆ.

ಪ್ರಸಂಗ ಮುಗಿದ ಮೇಲೆ ಉಪ್ಪಿಟ್ಟು, ಚಹಾ ಆಯಿತು. ಬೋಧಕರೂ ಹಿರಿಯರೂ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ನಾವು ಏಳೆಂಟು ಮಂದಿ ಹಿತ್ತಲ ನಲ್ಲಿಯ ಹತ್ತಿರ ತಟ್ಟೆ ಲೋಟ ತಿಕ್ಕುತ್ತ ಕುಳಿತೆವು. ಪಕ್ಕದಲ್ಲಿದ್ದ ಗೆಳತಿ ತಲೆ ಎತ್ತದೆ, "ದೇವರು ಇಲ್ಲೇ ಭಾಂಡೆದಾಗ ಅದಾನಂತಲ್ರೀ ಟೀಚರ್, ಮತ್ತ ಅವರ್ಯಾಕ ಅಲ್ಲಿ ಕುಂತಾರ? ಇಲ್ಲಿಗೆ ಬರಬೇಕಿಲ್ಲೇನು?" ಎಂದಳು. ಎಲ್ಲರೂ ನಕ್ಕೆವು. ನಗು ನಿಂತ ಮೇಲೆ ಯಾರೂ ಮಾತಾಡಲಿಲ್ಲ. ನಲ್ಲಿಯ ಸದ್ದೊಂದೇ ಉಳಿಯಿತು.

ಮನೆಗೆ ಬಂದವಳೇ ಕಪಾಟಿನಿಂದ ಆ ಹಳೆಯ ಪುಸ್ತಕ ತೆಗೆದೆ. 'ದೇವರ ಸಾನ್ನಿಧ್ಯದ ಅಭ್ಯಾಸ' ಎಂಬ ಅರ್ಥದ ಹೆಸರಿನ ಇಂಗ್ಲಿಷ್ ಅನುವಾದ ಅದು. ಕಾಲೇಜಿನಲ್ಲಿದ್ದಾಗ ಓದಿ ಮೆಚ್ಚಿಕೊಂಡಿದ್ದೆ. ಮದುವೆಯಾದ ಮೇಲೆ ಒಮ್ಮೆ ಓದಿ ಸಿಟ್ಟಿನಿಂದ ಮುಚ್ಚಿಟ್ಟಿದ್ದೆ. ಮೂರನೆಯ ಸಲ ಓದಿದಾಗ ನನಗೆ ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪುಸ್ತಕ ತೀರ ಚಿಕ್ಕದು. ನಾಲ್ಕು ಸಂಭಾಷಣೆಗಳು, ಹದಿನೈದು ಪತ್ರಗಳು. ಲಾರೆನ್ಸ್ ಇದನ್ನು ಪುಸ್ತಕವೆಂದು ಬರೆದವನಲ್ಲ. ಅವನ ಮೊದಲ ಹೆಸರು ನಿಕೊಲಾ ಎರ್ಮಾನ್. ಸುಮಾರು 1614ರಲ್ಲಿ ಲೊರೇನ್ ಸೀಮೆಯ ಒಂದು ಹಳ್ಳಿಯಲ್ಲಿ ಬಡವರ ಮನೆಯಲ್ಲಿ ಹುಟ್ಟಿದ. ಯೂರೋಪನ್ನು ಹಾಳುಗೆಡವಿದ ಮೂವತ್ತು ವರ್ಷಗಳ ಯುದ್ಧದಲ್ಲಿ ಸಿಪಾಯಿಯಾದ, ಗಾಯಗೊಂಡ, ಬದುಕಿರುವ ತನಕ ಕುಂಟಿದ. ಆಮೇಲೆ ದೊಡ್ಡವರ ಮನೆಯಲ್ಲಿ ಆಳಾಗಿದ್ದ. ಕೈಗೆ ಸಿಕ್ಕಿದ್ದನ್ನೆಲ್ಲ ಒಡೆಯುವ ಒಡ್ಡ ಆಳು ತಾನು ಎಂದು ಅವನೇ ಹೇಳಿಕೊಂಡಿದ್ದಾನೆ. 1640ರಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠ ಸೇರಿ, ಸುಮಾರು ಹದಿನೈದು ವರ್ಷ ಅಡುಗೆಮನೆಯಲ್ಲಿ ದುಡಿದ. ಕಾಲಿನ ನೋವು ಹೆಚ್ಚಾದ ಮೇಲೆ ಮಠದವರಿಗೆ ಚಪ್ಪಲಿ ಹೊಲಿಯುವ ಕೆಲಸಕ್ಕೆ ಕುಳಿತ. 1691ರ ಫೆಬ್ರವರಿ 12ರಂದು ತೀರಿಕೊಂಡ. ಜೋಸೆಫ್ ದ ಬೋಫೋರ್ ಎಂಬ ಪಾದ್ರಿ 1666ರ ಆಗಸ್ಟ್ 3ರಂದು ಮೊದಲ ಬಾರಿ ಅವನ ಬಳಿ ಬಂದು ಕುಳಿತು ಕೇಳಿದ ಮಾತುಗಳನ್ನು ಮನೆಗೆ ಹೋಗಿ ಬರೆದಿಟ್ಟುಕೊಂಡಿದ್ದರು. ಲಾರೆನ್ಸ್ ಸತ್ತ ಮೇಲೆ 1692 ಮತ್ತು 1694ರಲ್ಲಿ ಆ ಮಾತುಗಳನ್ನೂ, ಉಳಿದಿದ್ದ ಕೆಲವು ಪತ್ರಗಳನ್ನೂ ಅವರೇ ಅಚ್ಚು ಹಾಕಿಸಿದರು.

ಪುಸ್ತಕ ಹೇಳುವುದೆಲ್ಲ ಒಂದೇ ಮಾತು. ದೇವರು ಯಾವಾಗಲೂ ಹತ್ತಿರ ಇದ್ದಾನೆ. ಮರೆಯುವವರು ನಾವು. ಆದ್ದರಿಂದ ಕೆಲಸದ ನಡುನಡುವೆ ಅವನ ಕಡೆ ತಿರುಗುವ ರೂಢಿ ಮಾಡಿಕೊಳ್ಳಬೇಕು, ಸದ್ದಿಲ್ಲದೆ ಅವನೊಡನೆ ಮಾತಾಡಬೇಕು. ಮರೆತರೆ ಹಣೆ ಹಣೆ ಚಚ್ಚಿಕೊಳ್ಳದೆ, ತಪ್ಪಾಯಿತೆಂದು ಹೇಳಿ ಮತ್ತೆ ತಿರುಗಿದರಾಯಿತು. ಪ್ರಾರ್ಥನೆಯ ಗಂಟೆಗೂ ದುಡಿಮೆಯ ಗಂಟೆಗೂ ತನಗೆ ಭೇದವೇ ಉಳಿದಿಲ್ಲ ಎನ್ನುತ್ತಾನೆ. ಬಾಣಲೆಯಲ್ಲಿ ಮೊಟ್ಟೆ ಮಗುಚುವುದೂ, ನೆಲದ ಮೇಲಿನ ಹುಲ್ಲುಕಡ್ಡಿ ಎತ್ತುವುದೂ ದೇವರ ಮೇಲಿನ ಪ್ರೀತಿಗಾಗಿ ಆದೀತು ಎನ್ನುತ್ತಾನೆ. ಹದಿನೆಂಟನೆಯ ವಯಸ್ಸಿನಲ್ಲಿ, ಚಳಿಗಾಲದಲ್ಲಿ ಎಲೆ ಉದುರಿ ನಿಂತಿದ್ದ ಒಂದು ಮರವನ್ನು ನೋಡಿ, ಇದು ಮತ್ತೆ ಚಿಗುರುತ್ತದಲ್ಲ ಎಂದುಕೊಂಡ. ಅವನ ಭಕ್ತಿಯ ಬೇರು ಅಷ್ಟೇ. ದರ್ಶನವಿಲ್ಲ, ಪವಾಡವಿಲ್ಲ. ಅದೇ ಕಾರ್ಮೆಲ್ ಪಂಥದ ಸಂತ ತೆರೇಸಾ ದೇವರ ಬಳಿಗೆ ಹೋಗುವ ದಾರಿಯನ್ನು ಏಳು ಅಂಕಣಗಳ ಕೋಟೆಯಂತೆ ಬರೆದಳು. ಲಾರೆನ್ಸನಲ್ಲಿ ಅಂಕಣಗಳಿಲ್ಲ, ಮೆಟ್ಟಿಲುಗಳೂ ಇಲ್ಲ. ಒಂದು ಕೋಣೆ, ಒಂದು ಒಲೆ, ಒಂದು ಮಾತು.

ಹೇಳಿದ್ದನ್ನೇ ಹೇಳುವುದು ಈ ಪುಸ್ತಕದ ದೋಷ. ಪತ್ರದಿಂದ ಪತ್ರಕ್ಕೆ ಹೊಸದೇನೂ ಸಿಗುವುದಿಲ್ಲ. ಆದರೆ ನನಗೆ ವಯಸ್ಸಾದಂತೆ ಆ ದೋಷ ಅಷ್ಟಾಗಿ ಕಾಡುತ್ತಿಲ್ಲ. ದಿನಾ ಅದೇ ಅನ್ನ, ಅದೇ ಸಾರು ಮಾಡುವವರಿಗೆ ಪುನರುಕ್ತಿ ಹೊಸದೇನಲ್ಲವಲ್ಲ.

ಇನ್ನು ನನ್ನ ಸಿಟ್ಟಿನ ವಿಚಾರ. ಎರಡನೆಯ ಸಲ ಈ ಪುಸ್ತಕ ಓದಿದಾಗ ನನಗೆ ಮೂವತ್ತರ ಹತ್ತಿರ. ಬೆಳಿಗ್ಗೆ ಐದಕ್ಕೆ ಎದ್ದು, ಇಬ್ಬರು ಮಕ್ಕಳಿಗೆ ಡಬ್ಬಿ ಕಟ್ಟಿ, ಶಾಲೆಗೆ ಓಡಿ ಪಾಠ ಹೇಳಿ, ಸಂಜೆ ಬಂದು ಮತ್ತೆ ಒಲೆ ಹಚ್ಚುವ ಕಾಲ. ಈ ಲಾರೆನ್ಸನಿಗೇನು, ಎಂದುಕೊಂಡೆ. ಸೆರಗು ಹಿಡಿದು ಜಗ್ಗುವ ಕೂಸಿಲ್ಲ, ತಿಂಗಳ ಕೊನೆಗೆ ಹಿಟ್ಟಿನ ಡಬ್ಬಿಯ ತಳ ಕಾಣುವ ಚಿಂತೆಯಿಲ್ಲ. ಉಪ್ಪು ಹೆಚ್ಚಾಯಿತೆಂದು ತಟ್ಟೆ ದೂಡಿ ಏಳುವ ಗಂಡಸಿಲ್ಲ. ಪ್ರಾರ್ಥನೆಗೆ ಗಂಟೆ ಬಾರಿಸುತ್ತದೆ, ಎಲ್ಲರೊಂದಿಗೆ ಅವನೂ ಹೋಗುತ್ತಾನೆ. ಅಂಥವನಿಗೆ ಅಡುಗೆಮನೆಯಲ್ಲಿ ದೇವರು ಸಿಕ್ಕಿದ್ದು ಏನು ಹೆಚ್ಚು? ಅದಕ್ಕಿಂತ ಹೆಚ್ಚಾಗಿ, ಅವನ ಹೆಸರು ಹೇಳಿ ನಮ್ಮನ್ನು ಅಲ್ಲೇ ಕೂರಿಸುತ್ತಾರಲ್ಲ ಎಂಬ ಸಂಕಟ. ಪೀಠದ ಮೇಲೆ ನಿಂತವರು ಒಲೆಯನ್ನು ಯಜ್ಞವೇದಿ ಎಂದು ಕೊಂಡಾಡಿದರೆ ಅದರಲ್ಲಿ ಹೊಗಳಿಕೆಯೂ ಇರುತ್ತದೆ, ಬೀಗವೂ ಇರುತ್ತದೆ.

ಮೂರನೆಯ ಓದಿನಲ್ಲಿ, ಹಿಂದೆ ಕಣ್ಣು ಜಾರಿಸಿದ್ದ ಒಂದು ಮಾತು ಕಂಡಿತು. ಲಾರೆನ್ಸನಿಗೆ ಅಡುಗೆಮನೆಯ ಕೆಲಸ ಎಂದರೆ ಸ್ವಭಾವತಃ ಬಹಳ ಬೇಸರವಿತ್ತು. ಎರಡನೆಯ ಸಂಭಾಷಣೆಯಲ್ಲಿ ಇದು ಸ್ಪಷ್ಟವಾಗಿಯೇ ಇದೆ. ನಾನು ಕೇಳಿದ ಪ್ರಸಂಗಗಳಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಹಾಗಾದರೆ ಅವನು ಅಲ್ಲಿ ಯಾಕಿದ್ದ? ಆ ಕಾಲದ ಮಠಗಳಲ್ಲಿ ಎರಡು ಬಗೆಯ ಸಹೋದರರು. ಲ್ಯಾಟಿನ್ ಕಲಿತು ಪಾದ್ರಿಗಳಾಗುವವರು ಒಂದು ಕಡೆ. ಓದಿಲ್ಲದ ಬಡವರು ಇನ್ನೊಂದು ಕಡೆ. ಅಡುಗೆ, ಕಸ, ತೋಟ, ಚಪ್ಪಲಿ ಇವೆಲ್ಲ ಈ ಎರಡನೆಯವರ ಪಾಲು. ಲಾರೆನ್ಸ್ ಒಲೆಯನ್ನು ಆರಿಸಿಕೊಂಡವನಲ್ಲ. ಹುಟ್ಟಿದ ಮನೆ, ಕಲಿಯದ ಅಕ್ಷರ ಅವನನ್ನು ಅಲ್ಲಿ ನಿಲ್ಲಿಸಿದ್ದವು. ನಾನು ತಿಳಿದುಕೊಂಡಿದ್ದಕ್ಕಿಂತ ಅವನು ನಮಗೆ ಹತ್ತಿರದವನು.

ಇಷ್ಟು ಗೊತ್ತಾದ ಮೇಲೆ ಪುಸ್ತಕದ ಅರ್ಥವೇ ಬೇರೆಯಾಗುತ್ತದೆ. ಅಡುಗೆ ಪವಿತ್ರ ಎಂದು ಲಾರೆನ್ಸ್ ಎಲ್ಲಿಯೂ ಹೇಳುವುದಿಲ್ಲ. ಗುಡಿಯಲ್ಲಿ ಇರುವಷ್ಟೇ ದೇವರು ಇಲ್ಲಿಯೂ ಇದ್ದಾನೆ ಎನ್ನುತ್ತಾನೆ. ಇವೆರಡೂ ಒಂದೇ ಮಾತಲ್ಲ. ಮೊದಲನೆಯದು ಕೆಲಸವನ್ನು ಹೊಗಳುತ್ತದೆ, ಕೆಲಸ ಮಾಡುವವರನ್ನು ಅಲ್ಲೇ ಉಳಿಸುತ್ತದೆ. ಎರಡನೆಯದು ಮೇಲಿನ ಜಾಗ, ಕೆಳಗಿನ ಜಾಗ ಎಂಬುದನ್ನೇ ಅಳಿಸಿಹಾಕುತ್ತದೆ. ಅಡುಗೆಭಟ್ಟನ ಹತ್ತಿರವಿರುವ ದೇವರು ಪೀಠದ ಮೇಲಿನವರ ಹತ್ತಿರ ಹೆಚ್ಚೇನೂ ಇಲ್ಲ ಎಂದು ಅದರ ಅರ್ಥ. ಬೋಫೋರ್ ಪಾದ್ರಿಗೆ ಇದು ತಿಳಿದಿತ್ತು. ಆತ ದೊಡ್ಡ ಅಧಿಕಾರದಲ್ಲಿದ್ದವರು. ಮುಂದೆ ಪ್ಯಾರಿಸಿನ ಆರ್ಚ್‌ಬಿಷಪ್ ಆದ ನೋಯಾಯ್ ಅವರಿಗೆ ಬಲಗೈಯಂತಿದ್ದವರು. ಆದರೂ ಕುಂಟ ಅಡುಗೆಯವನ ಮುಂದೆ ಕುಳಿತು ಅವರು ಕೇಳಿಸಿಕೊಂಡರು, ಉಪದೇಶ ಮಾಡಲಿಲ್ಲ. ನಮ್ಮ ಹಿತ್ತಲ ನಲ್ಲಿಯ ಬಳಿ ಗೆಳತಿ ಕೇಳಿದ್ದು ಇದನ್ನೇ ಅಲ್ಲವೆ?

ತೆರೇಸಾಳನ್ನೂ ಹೀಗೆಯೇ ತುಂಡು ಮಾಡಿ ಉಪಯೋಗಿಸುತ್ತಾರೆ. 1515ರಲ್ಲಿ ಸ್ಪೇನಿನ ಆವಿಲಾದಲ್ಲಿ ಹುಟ್ಟಿದ ಈಕೆ ತನ್ನ 'ಸಂಸ್ಥಾಪನೆಗಳು' ಪುಸ್ತಕದ ಐದನೆಯ ಅಧ್ಯಾಯದಲ್ಲಿ ದೇವರು ಅಡುಗೆ ಪಾತ್ರೆಗಳ ನಡುವೆಯೂ ಓಡಾಡುತ್ತಾನೆ ಎಂಬ ಭಾವ ಬರುವಂತೆ ಬರೆದಿದ್ದಾಳೆ. ಪಾತ್ರೆಯ ಮಾತು ಎಲ್ಲರ ಬಾಯಲ್ಲೂ ಇದೆ. ಆದರೆ ಆ ಮಾತು ಬಂದಿರುವುದು ಎಂಥ ಪುಸ್ತಕದಲ್ಲಿ? ಹೆಣ್ಣೊಬ್ಬಳು ಎತ್ತಿನ ಬಂಡಿ, ಹೇಸರಗತ್ತೆಗಳ ಮೇಲೆ ಊರೂರು ತಿರುಗಿ, ಮನೆ ಕೊಂಡು, ಸಾಲ ಮಾಡಿ, ಅಧಿಕಾರಿಗಳೊಡನೆ ಜಗಳವಾಡಿ, ಹದಿನೈದಕ್ಕೂ ಹೆಚ್ಚು ಮಠಗಳನ್ನು ಸ್ಥಾಪಿಸಿದ ಕಥೆ ಅದು. ಅಡುಗೆಮನೆಯನ್ನು ಹೊಗಳಿದವಳು ಅಲ್ಲೇ ಕುಳಿತಿರಲಿಲ್ಲ. ಸರದಿ ಬಂದಾಗ ಅಡುಗೆ ಮಾಡಿದಳು, ಸರದಿ ಮುಗಿದಾಗ ಬರೆದಳು, ಬಂಡಿ ಹತ್ತಿದಳು. 1970ರಲ್ಲಿ ಕಥೋಲಿಕ ಧರ್ಮಸಭೆ ಅವಳನ್ನು ಸಭೆಯ ಪಂಡಿತೆ ಎಂದು ಸಾರಿತು. ಆ ಬಿರುದು ಪಡೆದ ಮೊದಲ ಹೆಂಗಸು ಅವಳು. ಅದಕ್ಕೆ ಅವಳು ಸತ್ತ ಮೇಲೆ 388 ವರ್ಷ ಬೇಕಾಯಿತು.

ಇವರಿಬ್ಬರ ಹಿಂದೆ ನಿಂತಿರುವವಳು ಮಾರ್ಥ. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದ ಕಥೆ ನಮಗೆಲ್ಲ ಬಾಯಿಪಾಠ. ಯೇಸುಸ್ವಾಮಿ ಮನೆಗೆ ಬಂದಿದ್ದಾರೆ. ತಂಗಿ ಮರಿಯಳು ಪಾದದ ಬಳಿ ಕುಳಿತು ಕೇಳುತ್ತಿದ್ದಾಳೆ. ಅಕ್ಕ ಮಾರ್ಥ ಒಬ್ಬಳೇ ಬೇಯಿಸಿ ಬಡಿಸಿ ದಣಿದು, ಇವಳಿಗೊಂದು ಮಾತು ಹೇಳಬಾರದೆ ಎಂದು ಸ್ವಾಮಿಯನ್ನೇ ಕೇಳುತ್ತಾಳೆ. ಸ್ವಾಮಿ ಮರಿಯಳ ಪಕ್ಷ ವಹಿಸುತ್ತಾರೆ. ಪ್ರಸಂಗದಲ್ಲಿ ಮರಿಯಳಂತಾಗಿ ಎನ್ನುತ್ತಾರೆ, ಪ್ರಸಂಗ ಮುಗಿದ ಕೂಡಲೇ ಉಪ್ಪಿಟ್ಟು ಎಲ್ಲಿ ಎನ್ನುತ್ತಾರೆ. ಮಾರ್ಥಳ ಕಥೆಯನ್ನು ನಾವು ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ, ತಮ್ಮ ಲಾಜರ ಸತ್ತು ನಾಲ್ಕು ದಿನವಾದಾಗ, ಊರ ಹೊರಗೆ ಹೋಗಿ ಸ್ವಾಮಿಯನ್ನು ಎದುರುಗೊಳ್ಳುವವಳು ಇದೇ ಮಾರ್ಥ. ಮರಿಯಳು ಮನೆಯಲ್ಲೇ ಕುಳಿತಿದ್ದಳು. ನೀವೇ ಕ್ರಿಸ್ತರು, ದೇವಕುಮಾರರು ಎಂದು ಬಾಯಿಬಿಟ್ಟು ಹೇಳಿದವಳೂ ಮಾರ್ಥಳೇ. ಮುಂದಿನ ಅಧ್ಯಾಯದಲ್ಲಿ ಬೇಥಾನ್ಯದ ಊಟದಲ್ಲಿ ಅವಳು ಮತ್ತೆ ಬಡಿಸುತ್ತಿದ್ದಾಳೆ. ಈ ಸಲ ಗೊಣಗುವುದಿಲ್ಲ. ಅವಳನ್ನು ಯಾರೂ ತಿದ್ದುವುದೂ ಇಲ್ಲ. ನಡುವೆ ಅವಳು ಹೊರಗೆ ಹೋಗಿ ತನ್ನ ಮಾತು ಆಡಿ ಬಂದಿದ್ದಳು ಎಂಬುದನ್ನು ನಾವು ಮರೆಯಬಾರದು.

ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್ 1618ರಲ್ಲಿ, ಹತ್ತೊಂಬತ್ತರ ಹುಡುಗನಾಗಿದ್ದಾಗ, ಮಾರ್ಥಳ ಮನೆಯನ್ನು ಬರೆದಿದ್ದಾನೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಆ ಚಿತ್ರದ ಅಚ್ಚಿನ ಪ್ರತಿಯನ್ನಷ್ಟೇ ನಾನು ಕಂಡಿದ್ದೇನೆ. ಮುಂದುಗಡೆ ತನ್ನ ಕಾಲದ ಒಬ್ಬ ಅಡುಗೆ ಹುಡುಗಿ ಹಿತ್ತಾಳೆಯ ಒರಳಿನಲ್ಲಿ ಏನೋ ಕುಟ್ಟುತ್ತಿದ್ದಾಳೆ. ಮೇಜಿನ ಮೇಲೆ ಮೀನು, ಎರಡು ಮೊಟ್ಟೆ, ಬೆಳ್ಳುಳ್ಳಿ, ನಮ್ಮ ಒಣಮೆಣಸಿನಕಾಯಿ. ಹಿಂದೆ ನಿಂತ ಮುದುಕಿಯೊಬ್ಬಳು ಬೆರಳು ತೋರಿಸಿ ಬುದ್ಧಿ ಹೇಳುವಂತಿದೆ. ಸ್ವಾಮಿಯೂ ಮರಿಯಳೂ ಇರುವುದು ಬಲಗಡೆಯ ಮೂಲೆಯಲ್ಲಿ, ಚಿಕ್ಕದಾದ ಒಂದು ಚೌಕದೊಳಗೆ. ಅದು ಕಿಟಕಿಯೋ ಕನ್ನಡಿಯೋ ಗೋಡೆಯ ಚಿತ್ರವೋ ಎಂದು ಪಂಡಿತರು ಇನ್ನೂ ವಾದಿಸುತ್ತಾರೆ. ನನ್ನ ಕಣ್ಣು ಮಾತ್ರ ಆ ಹುಡುಗಿಯ ಮುಖ ಬಿಟ್ಟು ಸರಿಯುವುದಿಲ್ಲ. ಕೆನ್ನೆ ಕೆಂಪಾಗಿದೆ, ಕಣ್ಣು ತುಂಬಿದ ಹಾಗಿದೆ. ಅಡುಗೆಮನೆಯೇ ದೇವಾಲಯ ಎಂದು ಅವಳಿಗೆ ಯಾರೋ ಈಗಷ್ಟೇ ಹೇಳಿರಬೇಕು!

ಇದೇ ಕಾಲದಲ್ಲಿ ಅವನು ಬರೆದ ಇನ್ನೊಂದು ಚಿತ್ರ ಡಬ್ಲಿನ್ನಿನಲ್ಲಿದೆ. ಕಪ್ಪು ಮೈಬಣ್ಣದ ಅಡುಗೆಯ ಹುಡುಗಿಯೊಬ್ಬಳು ಮೇಜಿನ ಮೇಲೆ ಬಗ್ಗಿದ್ದಾಳೆ. ಹೂಜಿ, ಬೋಗುಣಿ, ಬೆಳ್ಳುಳ್ಳಿ, ಒರಳು ಇವೆ. ಬಹಳ ಕಾಲ ಜನ ಇದನ್ನು ಬರೀ ಅಡುಗೆಮನೆಯ ಚಿತ್ರವೆಂದೇ ತಿಳಿದಿದ್ದರು. 1933ರಲ್ಲಿ ಶುಚಿಗೊಳಿಸುವಾಗ ಮೇಲಿನ ಬಣ್ಣದ ಪದರ ಹೋಗಿ, ಎಡಗಡೆಯ ಮೂಲೆಯಲ್ಲಿ ಎಮ್ಮಾಹುವಿನ ಊಟ ಕಾಣಿಸಿತು. ಸತ್ತು ಎದ್ದ ಸ್ವಾಮಿ ಶಿಷ್ಯರೊಡನೆ ದಾರಿಯುದ್ದಕ್ಕೂ ನಡೆದು ಬಂದರೂ ಅವರಿಗೆ ಗುರುತು ಹತ್ತಲಿಲ್ಲ, ರೊಟ್ಟಿ ಮುರಿದಾಗ ಗುರುತು ಹತ್ತಿತು, ಅಷ್ಟರಲ್ಲಿ ಅವರು ಮರೆಯಾದರು ಎಂಬ ಲೂಕನ ಕಥೆ. ಚಿತ್ರದಲ್ಲಿ ಹುಡುಗಿ ಆ ಕಡೆ ನೋಡುತ್ತಿಲ್ಲ. ತಲೆ ಮಾತ್ರ ಕೊಂಚ ವಾಲಿದೆ, ಬೆನ್ನ ಹಿಂದಿನ ಮಾತು ಕಿವಿಗೆ ಬಿದ್ದ ಹಾಗೆ. ಸಾನ್ನಿಧ್ಯ ಎಂಬ ದೊಡ್ಡ ಮಾತಿಗೆ ನಾನು ಕಂಡ ಅತ್ಯಂತ ಪ್ರಾಮಾಣಿಕವಾದ ಚಿತ್ರ ಇದು. ಅವಳ ಕೈಯಲ್ಲಿ ಕೆಲಸವಿದೆ. ಬಣ್ಣ ಬಳಿದು ಮುಚ್ಚಿದ್ದಾಗಲೂ ಸ್ವಾಮಿ ಅಲ್ಲೇ ಇದ್ದರು.

ನಮ್ಮ ನೆಲದ ಮಾತೂ ಒಂದಿದೆ. ಲಾರೆನ್ಸನಿಗಿಂತ ಐನೂರು ವರ್ಷ ಮೊದಲು ಕಲ್ಯಾಣದಲ್ಲಿ ಕಾಯಕದ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡ ಹೆಂಗಸರಿದ್ದರು. ಅಕ್ಕಿ ಆಯುವ ಲಕ್ಕಮ್ಮ, ಕದಿರಿನ ರೆಮ್ಮವ್ವೆ, ಕೊಟ್ಟಣ ಕುಟ್ಟುವ ಸೋಮಮ್ಮ. ಇವರು ತಮ್ಮ ಮಾತನ್ನು ತಾವೇ ವಚನವಾಗಿ ಆಡಿದವರು. ಬೋಫೋರ್ ಪಾದ್ರಿ ಬರಲೆಂದು ಕಾಯಬೇಕಾಗಿರಲಿಲ್ಲ. ಗಂಡ ಮಾರಯ್ಯ ಎಂದಿನದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಕಳಿಸಿದಳು. ಈ ಪ್ರಶ್ನೆ ಲಾರೆನ್ಸನಲ್ಲಿ ಇಲ್ಲ. ಎಷ್ಟು ಸಾಕು, ಯಾರ ಪಾಲು ಯಾರ ಮನೆಯಲ್ಲಿದೆ, ಒಬ್ಬರೇ ಯಾಕೆ ಕುಟ್ಟಬೇಕು ಎಂದು ಅವನು ಕೇಳುವುದಿಲ್ಲ. ಮಠ ಕೊಟ್ಟ ಕೆಲಸವನ್ನು ಪ್ರೀತಿಯಿಂದ ಮಾಡಿದ, ಕೆಲಸದ ಹಂಚಿಕೆಯ ಬಗ್ಗೆ ತುಟಿ ಬಿಚ್ಚಲಿಲ್ಲ. ಅವನ ಪುಸ್ತಕದ ದೊಡ್ಡ ಕೊರತೆ ಇದು ಎಂದು ನಾನು ತಿಳಿದಿದ್ದೇನೆ. ದೇವರ ಸಾನ್ನಿಧ್ಯ ನನ್ನ ಬೇಸರವನ್ನು ಕಳೆದರೆ ಸಾಲದು. ಪಕ್ಕದವಳ ಬೆನ್ನುನೋವೂ ಅದರಿಂದ ನನಗೆ ಕಾಣುವಂತಾಗಬೇಕು.

ಆದರೂ ಅವನನ್ನು ನಾನು ಕೈಬಿಡಲಾರೆ. ಅದಕ್ಕೆ ಕಾರಣ ಇದೆ.

ನನ್ನ ಅತ್ತೆಯವರು ಕೊನೆಯ ಹನ್ನೊಂದು ತಿಂಗಳು ಹಾಸಿಗೆ ಹಿಡಿದಿದ್ದರು. ನನಗೂ ಅವರಿಗೂ ಎಂದೂ ಅಷ್ಟಾಗಿ ಹೊಂದಿಕೆಯಾಗಿರಲಿಲ್ಲ. ಮನೆಯಲ್ಲಿ ನಾಲ್ವರಿದ್ದರೂ ರಾತ್ರಿಯ ಸರದಿ ನನ್ನದೇ. ಆ ವರ್ಷದ ಲೆಂಟಿನಲ್ಲಿ, ಸಿಟ್ಟು ಹತ್ತಿಕ್ಕಲು ಬೇರೆ ದಾರಿ ಕಾಣದೆ, ಲಾರೆನ್ಸನ ಅಭ್ಯಾಸವನ್ನು ಮಾಡಿ ನೋಡೋಣವೆಂದುಕೊಂಡೆ. ಮೊದಲ ವಾರ ಪೂರಾ ಸೋತೆ. ಹಾಲು ಉಕ್ಕಿದರೆ ದೇವರು ಮರೆತುಹೋಗುತ್ತಿದ್ದ, ದೇವರನ್ನು ನೆನೆದರೆ ಹಾಲು ಉಕ್ಕುತ್ತಿತ್ತು. ಮರೆತದ್ದಕ್ಕೆ ಗೋಳಾಡಬೇಡ, ಮತ್ತೆ ತಿರುಗು ಎಂಬ ಲಾರೆನ್ಸನ ಮಾತೊಂದೇ ಆಧಾರ. ಅವನಿಗೂ ಸುಲಭವಾಗಿರಲಿಲ್ಲ. ತನಗೆ ನರಕವೇ ಗತಿ ಎಂಬ ಭಯದಲ್ಲಿ ನಾಲ್ಕು ವರ್ಷ ಬೆಂದಿದ್ದ. ಅದನ್ನು ಓದಿದ್ದರಿಂದ ನನಗೆ ಧೈರ್ಯ ಬಂತು.

ಒಂದು ರಾತ್ರಿ ಎರಡು ಗಂಟೆಯಿರಬೇಕು. ಅತ್ತೆಯವರ ಬಟ್ಟೆ ಹಾಸಿಗೆ ಎರಡೂ ಹೊಲಸಾಗಿದ್ದವು. ಬಿಸಿನೀರು ಕಾಸಿ, ಮೈ ಒರೆಸಿ, ಬೇರೆ ಸೀರೆ ಸುತ್ತಿ, ಮಗ್ಗುಲಾಗಿಸಿ ಮಲಗಿಸಿದೆ. ಅವರು ಕಣ್ಣು ಮುಚ್ಚಿಕೊಂಡೇ, "ನಿನಗ ಭಾಳ ತ್ರಾಸ ಕೊಟ್ನೆವಾ" ಎಂದರು. "ಇಲ್ಲ ಬಿಡ್ರಿ ಅತ್ತಿ, ಮಲಕೋರಿ" ಎಂದೆ. ಹಿತ್ತಲಿಗೆ ಹೋಗಿ ಬಟ್ಟೆ ನೆನೆಹಾಕಿ ಕೈ ತೊಳೆಯುವಾಗ ಒಂದು ಸಂಗತಿ ಹೊಳೆಯಿತು. ಬೆಳಕೇನೂ ಬಂದಿರಲಿಲ್ಲ, ಕಣ್ಣೀರೂ ಬಂದಿರಲಿಲ್ಲ. ಅಷ್ಟು ಹೊತ್ತು ಸಿಟ್ಟು ಮಾತ್ರ ಇರಲಿಲ್ಲ. ಇರಲಿಲ್ಲ ಎಂಬುದೂ ಕೆಲಸ ಮುಗಿದ ಮೇಲೆ ಗೊತ್ತಾಯಿತು. ಎಮ್ಮಾಹುವಿನವರಿಗೆ ಗುರುತು ಹತ್ತಿದ್ದೂ ತಡವಾಗಿಯೇ ಅಲ್ಲವೆ? ಮರುದಿನ ಸಿಟ್ಟು ಮತ್ತೆ ಬಂತು. ಆದರೆ ಆ ಅರ್ಧ ಗಂಟೆಯನ್ನು ನಾನು ಇಲ್ಲವೆನ್ನಲಾರೆ.

ಅದಾದ ವಾರವೇ ಗಂಡನಿಗೆ ಹೇಳಿದೆ, ನಾಳೆಯಿಂದ ಒಂದು ದಿನ ಬಿಟ್ಟು ಒಂದು ದಿನ ರಾತ್ರಿ ಸರದಿ ನಿಮ್ಮದು ಎಂದು. ಸಿಟ್ಟಿನಲ್ಲಿ ಎಷ್ಟೋ ಸಲ ಹೇಳಿದ್ದೆ, ನಡೆದಿರಲಿಲ್ಲ. ಸಿಟ್ಟಿಲ್ಲದೆ ಹೇಳಿದ್ದಕ್ಕೆ ನಡೆಯಿತೋ, ಅವರಿಗೂ ಮನಸ್ಸಿನಲ್ಲಿ ಇತ್ತೋ. ಅಂತೂ ಬಿಸಿನೀರು ಕಾಸುವುದನ್ನು ಅವರು ಐವತ್ತೆರಡನೆಯ ವಯಸ್ಸಿನಲ್ಲಿ ಕಲಿತರು.

ಯೋಹಾನನ ಕೊನೆಯ ಅಧ್ಯಾಯ ನನಗೆ ಆಗ ಹೊಸದಾಗಿ ಕಂಡಿತು. ಎದ್ದುಬಂದ ಸ್ವಾಮಿ ತಿಬೇರಿಯ ಸಮುದ್ರದ ದಡದಲ್ಲಿ, ರಾತ್ರಿಯೆಲ್ಲ ಬಲೆ ಬೀಸಿ ಬರಿಗೈಯಲ್ಲಿದ್ದ ಶಿಷ್ಯರಿಗಾಗಿ ಇದ್ದಲಿನ ಬೆಂಕಿ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು ಕಾಯುತ್ತಾರೆ. ಬನ್ನಿ, ಊಟ ಮಾಡಿ ಎಂದು ತಾವೇ ಕೈಯಾರೆ ಕೊಡುತ್ತಾರೆ. ಮೂರು ಸಲ ಅರಿಯೆನೆಂದ ಪೇತ್ರ ಅಂದು ಚಳಿ ಕಾಯಿಸಿಕೊಂಡದ್ದೂ ಇದ್ದಲಿನ ಬೆಂಕಿಯ ಮುಂದೆಯೇ. ಅವನ ತಪ್ಪನ್ನು ಎತ್ತುವ ಮೊದಲು ಅವನ ಹೊಟ್ಟೆ ತುಂಬಿಸುತ್ತಾರೆ. ಸುವಾರ್ತೆಯಲ್ಲಿ ಒಲೆ ಹಚ್ಚಿದ ಗಂಡಸು ಸ್ವಾಮಿಯೇ. ಒಲೆ ಯಜ್ಞವೇದಿಯೆಂದು ನಿಜವಾಗಿ ನಂಬಿದವರು ಅದನ್ನು ಹೆಂಗಸರಿಗೆ ಬಿಟ್ಟುಕೊಟ್ಟು ಪಡಸಾಲೆಯಲ್ಲಿ ಕೂರಲಾರರು.

ಕೊನೆಗೆ ನಮ್ಮವ್ವನ ಮಾತು. ಅವ್ವ ಮೂರನೆಯ ಇಯತ್ತೆಯವರೆಗೆ ಓದಿದವಳು. ದಿನಾ ಸಂಜೆ ಜೋಳದ ರೊಟ್ಟಿ ಬಡಿಯುವಾಗ ಒಂದೊಂದು ರೊಟ್ಟಿಗೆ ಒಬ್ಬೊಬ್ಬರ ಹೆಸರು ಹೇಳುತ್ತಿದ್ದಳು. ಅಪ್ಪ, ಅಣ್ಣಂದಿರು, ನಾವು ಹೆಣ್ಣುಮಕ್ಕಳು, ದೂರದ ಊರಿನಲ್ಲಿದ್ದ ಚಿಕ್ಕಪ್ಪ, ಜೈಲಿನಲ್ಲಿದ್ದ ನೆರೆಮನೆಯ ಹುಡುಗ. ಉಣ್ಣಲು ಬಾರದವರ ಹೆಸರೂ ಇರುತ್ತಿತ್ತು, ಆ ರೊಟ್ಟಿ ಬಾಗಿಲಿಗೆ ಬಂದವರಿಗೆ ಹೋಗುತ್ತಿತ್ತು. "ಪ್ರಾರ್ಥನಾ ಮಾಡ್ತಿಯೋ, ಎಣಸ್ತಿಯೋ ಅವ್ವಾ?" ಎಂದು ಒಮ್ಮೆ ಕೇಳಿದ್ದೆ. "ಎಣಸೋದು ತಪ್ಪಿದ್ರ ಒಬ್ರು ಉಪಾಸ ಬೀಳ್ತಾರವಾ" ಎಂದಳು. ಲಾರೆನ್ಸನ ಪುಸ್ತಕವನ್ನು ಮೊದಲ ಸಲ ಓದಿದಾಗ ನಾನು ಓಡಿಬಂದು ಅವಳಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಕೈ ನಿಲ್ಲಿಸದೆ ಕೇಳಿದಳು. ನೀನೂ ಹೀಗೇ ಅಲ್ಲವಾ ಅವ್ವಾ ಎಂದೆ, ಅವಳಿಗೆ ಖುಷಿಯಾಗುತ್ತದೆಂದು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಖರೇ ಇರಬಹುದು. ಆದರ ನನಗೂ ಒಮ್ಮೆ ಮುಂದಿನ ಬೆಂಚಿನ ಮ್ಯಾಲೆ ಕುಂತು ಪ್ರಸಂಗ ಪೂರಾ ಕೇಳಬೇಕಂತ ಆಸಿ ಇರಂಗಿಲ್ಲೇನವಾ?" ಎಂದಳು. ಆಗ ನೆನಪಾಯಿತು. ಪ್ರತಿ ಕ್ರಿಸ್ಮಸ್ಸಿಗೂ ಅವಳು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತು, ಆರಾಧನೆ ಮುಗಿಯುವ ಮೊದಲೇ ಎದ್ದು ಮನೆಗೆ ಓಡುತ್ತಿದ್ದಳು, ಬರುವವರಿಗೆ ಅಡುಗೆಯಾಗಬೇಕಲ್ಲ.

ಲಾರೆನ್ಸನ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಬರೆಯಲಾರೆ. ಅವಳು ಅವನನ್ನು ಸುಳ್ಳೆನ್ನಲಿಲ್ಲ. ಅಡುಗೆಮನೆಯಲ್ಲಿ ದೇವರಿದ್ದಾನೆ ಎಂಬುದನ್ನು ಒಪ್ಪಿಕೊಂಡೇ ಮುಂದಿನ ಬೆಂಚನ್ನೂ ಕೇಳಿದಳು. ಅವಳ ಮಾತು ಬರೆದುಕೊಳ್ಳಲು ಯಾವ ಪಾದ್ರಿಯೂ ನಮ್ಮ ಅಡುಗೆಮನೆಗೆ ಬರಲಿಲ್ಲ. ಮಗಳಾದ ನಾನೂ ಇಷ್ಟು ವರ್ಷ ಬರೆದಿರಲಿಲ್ಲ.

ಆದ್ದರಿಂದ ಗೆಳತಿಯರೇ, ಈ ಪುಸ್ತಕ ಸಿಕ್ಕರೆ ಓದಿ, ಯಾವ ಧರ್ಮದವರಾದರೂ ಸರಿ. ದಣಿದ ದಿನ ಓದಿದರೆ ಎರಡು ಪುಟ ಸಾಕು. ಅದನ್ನು ನಿಮಗೆ ಉಪದೇಶವಾಗಿ ಯಾರಾದರೂ ಕೊಟ್ಟರೆ, ನೀವು ಓದಿದ್ದೀರಾ, ಓದಿ ಯಾವ ಪಾತ್ರೆ ತಿಕ್ಕಿದಿರಿ ಎಂದು ಕೇಳಿ.

ನಮ್ಮ ಅರ್ಜಿ ಎರಡು ವರ್ಷದ ಮೇಲೆ ಒಪ್ಪಿಗೆಯಾಯಿತು. ಕಮಿಟಿಯಲ್ಲಿ ಈಗ ಇಬ್ಬರು ಹೆಂಗಸರಿದ್ದಾರೆ. ಮೀಟಿಂಗು ಮಾತ್ರ ಸಂಜೆ ಏಳಕ್ಕೇ ಇಡುತ್ತಾರೆ, ಸರಿಯಾಗಿ ರೊಟ್ಟಿ ಬಡಿಯುವ ಹೊತ್ತಿಗೆ. ಅದನ್ನು ಬದಲಾಯಿಸಿ ಎಂದು ಹೊಸ ಅರ್ಜಿ ಬರೆಯುತ್ತಿದ್ದೇವೆ. ಭಾನುವಾರಗಳಲ್ಲಿ ನಾನು ಮುಂದಿನ ಬೆಂಚಿನಲ್ಲೇ ಕೂರುತ್ತೇನೆ, ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು. ತಡವಾಗಿ, ಕೈಯ ಹಿಟ್ಟು ಸರಿಯಾಗಿ ತೊಳೆಯದೆ ಓಡಿಬರುವವರು ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ.